ಸಕ್ಕರೆ ನೊರೆ

ಶ್ವೇತ ಬಾಣಂತನಕ್ಕೆಂದು ತವರಿಗೆ ಬಂದು ಮೂರು ತಿಂಗಳು ಕಳೆದಿತ್ತು. ಅಷ್ಟೂ ದಿನ ಅವಳ ತಾಯಿ ದೊಡ್ಡಮುನಿಯಮ್ಮನಿಗೆ ಬೆಳಗಿನ ಕೆಲಸ ಒಂದೇ. ಬಚ್ಚಲೊಲೆಗೆ ಹಿಪ್ಪುನೇರಳೆ ಕಡ್ಡಿ ತುರುಕಿ ಹಂಡೆ ಕಾಯಿಸುವುದು, ಕಾದ ನೀರನ್ನು ಬಕೆಟ್ಟಿಗೆ ತೋಡಿ ಕೊಡುವುದು, ಕೊಟ್ಟು ಬಾಗಿಲ ಪಕ್ಕಕ್ಕೆ ಸರಿದು ನಿಲ್ಲುವುದು. ಮೊಮ್ಮಗಳಿಗೆ ನೀರು ಹಾಕುತ್ತಿದ್ದವಳು ಮೇಲಿನ ಬೀದಿಯ ಆದಿಲಕ್ಷ್ಮಮ್ಮ. ಸ್ವಂತ ಅಜ್ಜಿ, ಕೈಕಾಲು ಗಟ್ಟಿಯಾಗಿರುವ ಅಜ್ಜಿ, ಬಾಗಿಲಲ್ಲಿ ನಿಂತು ನೋಡಬೇಕು. ಹೊರಗಿನವಳು ಕಾಲು ನೀಡಿ ಕೂತು ಕೂಸನ್ನು ಮೊಣಕಾಲ ಮೇಲೆ ಹಾಕಿಕೊಂಡು ಎರೆಯಬೇಕು. ಇದೆಂಥ ನ್ಯಾಯ ಅಂತ ಕೇಳಿದರೆ ಆ ಮನೆಯಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಆದಿಲಕ್ಷ್ಮಮ್ಮ ಶ್ರೀನಿವಾಸಪುರದ ಕಡೆಯಿಂದ ಸೊಸೆಯಾಗಿ ಬಂದವಳು. ಕನ್ನಡದಲ್ಲಿ ಶುರು ಮಾಡಿದ ಮಾತು ಯಾವಾಗ ತೆಲುಗಿಗೆ ಜಾರುತ್ತದೋ ಅವಳಿಗೇ ತಿಳಿಯದು. ಮುಳಬಾಗಿಲಿನಿಂದ ಕುರುಡುಮಲೆಗೆ ಹೋಗುವ ದಾರಿಯ ಆ ಊರಿನಲ್ಲಿ ಅರ್ಧಕ್ಕರ್ಧ ಮಕ್ಕಳು ಅವಳ ಕಾಲ ಮೇಲೆ ಮಲಗಿ ಅತ್ತವರೇ. ಹರಳೆಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ಸೋಪಿನಲ್ಲಿ ಮತ್ತೊಂದು ಸಲ ಉಜ್ಜಿ, ಸುಡುಸುಡು ನೀರು ಹೊಯ್ದು ಅವಳು ಹೇಳುತ್ತಿದ್ದ ಮಾತು ಒಂದೇ: "ಮೈ ಕಿರ್ರ್ ಅನ್ಬೇಕು, ಕೂಸು ಕೆಂಪಗಾಗ್ಬೇಕು, ಆಮೇಲೆ ಹೊಡೆದೆಬ್ಬಿಸಿದ್ರೂ ಏಳಬಾರ್ದು. ಅದು ನೀರು ಹಾಕೋದು ಅಂದ್ರೆ." ಮಗು ಕಿರುಚಿಕೊಂಡರೆ "ಏಡವಕಮ್ಮಾ, ನಾ ಬಂಗಾರು ತಲ್ಲೀ", ಅಳಬೇಡ ನನ್ನ ಬಂಗಾರ, ಎಂದು ತೆಲುಗಿನಲ್ಲೇ ಮುದ್ದಿಸುತ್ತ ಇನ್ನೊಂದು ಚೊಂಬು ಹೊಯ್ಯುತ್ತಿದ್ದಳು.

ದೊಡ್ಡಮುನಿಯಮ್ಮ ನೋಡುತ್ತ ನಿಲ್ಲುತ್ತಿದ್ದಳು. ಆ ಪುಟ್ಟ ಬೆನ್ನಿನ ಮೇಲೆ ನೀರು ಇಳಿಯುವಾಗ ಅವಳ ಎರಡೂ ಕೈ ತಂತಾನೇ ಮುಂದಕ್ಕೆ ಬರುತ್ತಿದ್ದವು. ಗೊತ್ತಾದ ತಕ್ಷಣ ಸೆರಗಿನೊಳಗೆ ಸೇರಿಸಿಕೊಳ್ಳುತ್ತಿದ್ದಳು. ಒಂದೇ ಒಂದು ಸಲ, ಒಂದು ಬೆಳಿಗ್ಗೆ ಮಾತ್ರ, ಆ ಕೂಸನ್ನು ತನ್ನ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಬೇಕು. ಐದನೇ ತಿಂಗಳಿಗೆ ಅಳಿಯ ಬಂದು ಇಬ್ಬರನ್ನೂ ಮಾಲೂರಿಗೆ ಕರೆದುಕೊಂಡು ಹೋಗುತ್ತಾನೆ, ಅಷ್ಟರೊಳಗೆ. ದೇವರಲ್ಲಿ ಅವಳು ಬೇರೇನೂ ಕೇಳಿಕೊಂಡಿರಲಿಲ್ಲ.

ಹಾಗಾದರೆ ಅಡ್ಡ ಬಂದದ್ದೇನು? ಕೈ. ಅವಳದೇ ಕೈ.

ಮದುವೆಯಾದ ವರ್ಷದಿಂದ ದೊಡ್ಡಮುನಿಯಮ್ಮ ಮುಳಬಾಗಿಲಿನ ಅಂಚಿನಲ್ಲಿದ್ದ ಒಂದು ಫಿಲೇಚರಿನಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದಳು. ಗೂಡುಗಳು ಕುದಿನೀರಿನಲ್ಲಿ ಬೇಯುತ್ತಿರುತ್ತವೆ. ಅದರೊಳಗೆ ಬೆರಳು ಬಿಟ್ಟು ಕೂದಲಿಗಿಂತ ಸಣ್ಣ ಎಳೆಯ ತುದಿ ಹುಡುಕಿ ಎತ್ತಬೇಕು. ದಿನವಿಡೀ ನೀರಿನಲ್ಲಿದ್ದ ಬೆರಳ ಸಂದುಗಳು ಬೆಳ್ಳಗೆ ಉಬ್ಬಿ, ಬಿರಿದು, ಕೆಲವು ಸಲ ಕೀವಾಗುತ್ತಿದ್ದವು. ಸತ್ತ ಹುಳದ ವಾಸನೆ ಕೈ ಬಿಟ್ಟು ಹೋಗುತ್ತಲೇ ಇರಲಿಲ್ಲ. ಆ ಕಾಲದಲ್ಲೇ ಶ್ವೇತ ಹುಟ್ಟಿದ್ದು. ಮೂರನೇ ತಿಂಗಳಿಗೆ ಕೂಸಿನ ಕೆನ್ನೆ, ಮೊಣಕೈ ಮಡಿಕೆಯಲ್ಲೆಲ್ಲ ಕೆಂಪಗೆ ಎದ್ದು ನೀರು ಒಸರಿತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು, ನಾನೂ ಆಡುವುದಿಲ್ಲ. ಆದರೆ ದೊಡ್ಡಮುನಿಯಮ್ಮನ ಅತ್ತೆಯ ನಾಲಿಗೆಗೆ ಎಲುಬಿರಲಿಲ್ಲ ಎಂಬುದನ್ನು ಮುಚ್ಚಿಟ್ಟರೆ ಕಥೆ ಮುಂದಕ್ಕೆ ಹೋಗುವುದಿಲ್ಲ.

"ದಿನಾ ಸಾವಿರ ಹುಳ ಬೇಯಿಸಿ ಕೊಲ್ಲೋ ಕೈ ಅದು. ಆ ಪಾಪ, ಆ ನೀರು, ಎಲ್ಲಾ ಮಗಳ ಮೈಗೆ ಹತ್ತಿದೆ. ಇನ್ಮೇಲೆ ನನ್ನ ಮೊಮ್ಮಗಳನ್ನ ಮುಟ್ಟಬೇಡ" ಅಂದಳು ಅತ್ತೆ.

ಇಪ್ಪತ್ತು ದಾಟದ ಹುಡುಗಿ, ಮೊದಲ ಮಗು. ನಂಬಿದಳು. ಹಾಲು ಕುಡಿಸುವಾಗ ಕೂಡ ಕೈಗೆ ಹಳೇ ಪಂಚೆ ಸುತ್ತಿಕೊಂಡಳು. ಅತ್ತೆಯೇ ನೀರು ಹಾಕಿದಳು, ಅತ್ತೆಯೇ ತಲೆ ಬಾಚಿದಳು. ಎರಡು ವರ್ಷ ತುಂಬುವ ಹೊತ್ತಿಗೆ ಶ್ವೇತಳ ಮೈ ತಿಳಿಯಾಯಿತು. ಅಲ್ಲಿಗೆ ಮುಗಿಯಿತು! ಮುಟ್ಟದೆ ಇದ್ದದ್ದಕ್ಕೇ ಮಗಳು ನೆಟ್ಟಗಾದಳು ಎಂಬುದು ದೊಡ್ಡಮುನಿಯಮ್ಮನ ತಲೆಯಲ್ಲಿ ಕಲ್ಲಿನ ಮೇಲೆ ಕೊರೆದ ಹಾಗೆ ಕೂತುಬಿಟ್ಟಿತು. ಅತ್ತೆ ತೀರಿಕೊಂಡಾಗ ಶ್ವೇತ ತಾನೇ ಸ್ನಾನ ಮಾಡಿ ತಾನೇ ಜಡೆ ಹಾಕಿಕೊಳ್ಳುವಷ್ಟು ದೊಡ್ಡವಳಾಗಿದ್ದಳು. ಅವಳು ಕೇಳಿಕೊಂಡು ಬರಲಿಲ್ಲ, ಇವಳೂ ಕರೆಯಲಿಲ್ಲ. ಮಗಳು ಮಲಗಿರುವಾಗ ಹೊದಿಕೆ ಸರಿಮಾಡುವ ನೆಪದಲ್ಲಿ ಹೊದಿಕೆಯ ಮೇಲೆ ಕೈ ಆಡಿಸುತ್ತಿದ್ದಳು, ಅಷ್ಟೇ.

ಶ್ವೇತಳ ಮದುವೆ ಗೊತ್ತಾದ ವರ್ಷ ದೊಡ್ಡಮುನಿಯಮ್ಮ ಫಿಲೇಚರ್ ಬಿಟ್ಟಳು. ಯಾಕೆ ಅಂತ ಯಾರಿಗೂ ಹೇಳಲಿಲ್ಲ. ಮೊಮ್ಮಗು ಬರುವ ಹೊತ್ತಿಗೆ ಕೈ ತೊಳೆದ ಹಾಗಿರಬೇಕು ಅನ್ನುವುದು ಅವಳ ಲೆಕ್ಕ. ಬೆಣ್ಣೆ ಹಚ್ಚಿದಳು, ಹರಳೆಣ್ಣೆ ಹಚ್ಚಿದಳು. ಗಂಡ ಅಶ್ವತ್ಥಪ್ಪ ತೋಟದಿಂದ ಸೊಪ್ಪಿನ ಹೊರೆ ಇಳಿಸುತ್ತ ಛೇಡಿಸುತ್ತಿದ್ದ: "ಲೇ, ನಿನ್ನ ಕೈ ಕುಡಿದಿರೋ ಬೆಣ್ಣೇಲಿ ಊರಿಗೆಲ್ಲಾ ಒಬ್ಬಟ್ಟು ಸುಡಬಹುದಿತ್ತು ಕಣೇ." ಕೈ ಮೆತ್ತಗೇನೋ ಆಯಿತು. ಆದರೆ ಕೂಸು ಹುಟ್ಟಿದಾಗ ಧೈರ್ಯ ಬರಲಿಲ್ಲ. ತಾನೇ ಹೋಗಿ ಆದಿಲಕ್ಷ್ಮಮ್ಮನನ್ನು ಕರೆದುಕೊಂಡು ಬಂದಳು. ನೋಡಿ, ಬಾಯಾರಿದವಳೇ ಬಾವಿಗೆ ಮುಚ್ಚಳ ಹಾಕಿದ ಹಾಗೆ.

ಮೂರು ತಿಂಗಳು ತುಂಬಿದ ಮೇಲೆ, ಅದೇ ವಯಸ್ಸಿಗೆ, ಪಾಪನ ಕೆನ್ನೆ ಕೆಂಪಾಯಿತು. ಆಮೇಲೆ ಮೊಣಕೈ ಮಡಿಕೆ, ಕತ್ತಿನ ಸುತ್ತ. ಮಗು ತಲೆಯನ್ನು ದಿಂಬಿಗೆ ಉಜ್ಜಿಕೊಳ್ಳುತ್ತ ಅಳುವುದು ನೋಡಲಾಗದೆ ಶ್ವೇತ ಗಂಡನಿಗೆ ಫೋನ್ ಮಾಡಿಸಿದಳು. ಗೋಪಿ ಮಾಲೂರಿನಿಂದ ಬಂದು ಇಬ್ಬರನ್ನೂ ಕೋಲಾರದ ಚರ್ಮದ ಡಾಕ್ಟರಮ್ಮನ ಹತ್ತಿರ ತೋರಿಸಿಕೊಂಡು ಬಂದ. ಸೋಪು ಬೇಡ, ಕಡಲೆಹಿಟ್ಟು ಬೇಡ, ಬಿಸಿನೀರು ಬೇಡ, ಉಜ್ಜುವುದಂತೂ ಬೇಡವೇ ಬೇಡ. ಉಗುರುಬೆಚ್ಚಗಿನ ನೀರು, ಮೈ ಒರೆಸಿದ ಕೂಡಲೇ ಮುಲಾಮು. ಸೋಪಿಲ್ಲದ ಮೃದುವಾದ ತೊಳೆಯುವ ದ್ರವ ಸಿಕ್ಕರೆ ಒಳ್ಳೆಯದು ಅಂತಲೂ ಆಕೆ ಹೇಳಿದ್ದರು. ಆ ಮಾತಿಗೆ ಗೋಪಿಯ ಮುಖ ಅರಳಿತ್ತು. ಅವನು ಕೆಲಸ ಮಾಡುತ್ತಿದ್ದ ಮಾಲೂರಿನ ಕಾರ್ಖಾನೆಯಲ್ಲಿ ಹೊರದೇಶದ ಮಕ್ಕಳಿಗೆ ಅಂಥದನ್ನೇ ಬಾಟಲಿಗೆ ತುಂಬುತ್ತಿದ್ದರು. ಮುಂದಿನ ಭಾನುವಾರ ಮೇಸ್ತ್ರಿಯನ್ನು ಕೇಳಿ ಒಂದು ಬಾಟಲಿ ತಂದ.

ನೀರಿನ ಹಾಗೆ ತಿಳಿಯಾಗಿತ್ತು. ಬಣ್ಣವಿಲ್ಲ, ವಾಸನೆಯಿಲ್ಲ. ಆದಿಲಕ್ಷ್ಮಮ್ಮ ಮೂಗಿನ ಹತ್ತಿರ ಹಿಡಿದು ನೋಡಿ, "ಏನಿದು, ಇದ್ಯಾವ ಸೋಪು?" ಅಂದಳು.

"ಸೋಪಲ್ಲ ಆದಿಲಕ್ಷ್ಮಮ್ಮ. ಜೋಳದಿಂದ ತೆಗೆದಿರೋ ಸಕ್ಕರೆ, ಕೊಬ್ಬರಿ ಎಣ್ಣೆಯಿಂದ ತೆಗೆದಿರೋದು ಇನ್ನೊಂದು, ಎರಡನ್ನೂ ಕೂಡಿಸಿ ಮಾಡಿರೋ ನೊರೆ" ಅಂದ ಗೋಪಿ. "ಸೋಪು ಕೊಳೆ ಜೊತೆಗೆ ಮೈಯಲ್ಲಿರೋ ಎಣ್ಣೇನೂ ಕಿತ್ಕೊಂಡು ಹೋಗತ್ತೆ. ಇದು ಅಷ್ಟೊಂದು ಕೀಳಲ್ಲ. ನಮ್ಮಲ್ಲಿ ನೆಲ ಒರೆಸೋದನ್ನ ತುಂಬಿಸೋ ವಾರ ನನ್ನ ಕೈ ಬಿರಿಯತ್ತೆ, ಇದನ್ನ ತುಂಬಿಸೋ ವಾರ ಏನೂ ಆಗಲ್ಲ."

"ಸಕ್ಕರೆ, ಕೊಬ್ಬರಿ ಹಾಕಿ ಹೋಳಿಗೆ ಮಾಡ್ತಾರೆ ನಾಯನಾ, ಸ್ನಾನ ಯಾರಾದ್ರೂ ಮಾಡಿಸ್ತಾರಾ? ಕೂಸಿಗೆ ಇರುವೆ ಮುತ್ಕೊಂಡ್ರೆ ಯಾರು ಆರಿಸ್ತಾರೆ, ನಿಮ್ಮ ಡಾಕ್ಟರಮ್ಮ ಬರ್ತಾಳಾ?"

ಅಶ್ವತ್ಥಪ್ಪ ಬಿದ್ದು ಬಿದ್ದು ನಕ್ಕ. ಅದೇ ಎಡವಟ್ಟಾಯಿತು. ಅವನು ನಕ್ಕದ್ದು ಅವಳ ಮಾತಿಗೆ, ಆದಿಲಕ್ಷ್ಮಮ್ಮ ತಿಳಿದುಕೊಂಡದ್ದು ತನ್ನನ್ನು ನೋಡಿ ಅಂತ. ಮರುದಿನ ಬಂದಳು, ಎರಡು ಹನಿ ಕೈಗೆ ಹಾಕಿಕೊಂಡು ಉಜ್ಜಿ ನೋಡಿದಳು. ತೆಳ್ಳಗೆ ಒಂದಿಷ್ಟು ನೊರೆ ಎದ್ದು ಸುಮ್ಮನಾಯಿತು. "ನೊರೆ ಇಲ್ಲ, ಬಿಸಿ ಇಲ್ಲ, ಉಜ್ಜೋ ಹಾಗಿಲ್ಲ. ಇದಕ್ಕೆ ನಾನ್ಯಾಕೆ, ಮಳೇಲಿ ಮಲಗಿಸಿದ್ರೆ ಸಾಲ್ದಾ?" ಎಂದು ಸೆರಗು ಕೊಡವಿ ಎದ್ದು ಹೋದವಳು ಹಿಂತಿರುಗಿ ನೋಡಲಿಲ್ಲ.

ಶ್ವೇತ ಕೂಸನ್ನು ಎತ್ತಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. ತಾಯಿಯ ಮುಖ ನೋಡದೆ, "ಅಮ್ಮ, ನೀನೇ ಹಾಕ್ಬಿಡು" ಅಂದಳು.

ಅಯ್ಯೋ ದೇವರೇ, ಅಷ್ಟು ವರ್ಷ ಕಾದ ಮಾತು ಇಷ್ಟು ಸಲೀಸಾಗಿ ಬರಬೇಕೆ? ದೊಡ್ಡಮುನಿಯಮ್ಮನಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಒಳಗಿನ ಭಯ ಬೇಡ ಅಂದರೂ ಕಾಲು ಆಗಲೇ ನೀಡಿಕೊಂಡು ಕೂತಿದ್ದವು. ಶ್ವೇತ ಕೂಸನ್ನು ಮಲಗಿಸಿ, ಮುಲಾಮು, ಬಟ್ಟೆ ಸಿದ್ಧ ಮಾಡಲು ಒಳಗೆ ಹೋದಳು.

ಮೊಣಕಾಲ ಮೇಲೆ ಆ ಬೆಚ್ಚಗಿನ ಭಾರ. ದೊಡ್ಡಮುನಿಯಮ್ಮ ಮೊದಲು ಬರೀ ಕೈ ಇಟ್ಟುಕೊಂಡು ಕೂತಳು. ಕೂಸಿನ ಬೆನ್ನು ಉಸಿರಿಗೆ ಏರಿ ಇಳಿಯುತ್ತಿತ್ತು. ಅವಳಿಗೆ ಅಳು ಬಂತು, ಅತ್ತಳು, ನೋಡುವವರು ಯಾರೂ ಇರಲಿಲ್ಲ. ಆಮೇಲೆ ಬಾಟಲಿಯದನ್ನು ಅಂಗೈಗೆ ಬಿಟ್ಟುಕೊಂಡು ಸವರಿದಳು, ಅಂಗಾತ ತಿರುಗಿಸಿ ನೀರು ಹಾಕಿದಳು. ಪಾಪ ಅಳಲಿಲ್ಲ. ಕಣ್ಣು ಬಿಟ್ಟುಕೊಂಡು ಅಜ್ಜಿಯ ಮೂಗುಬೊಟ್ಟನ್ನೇ ನೋಡುತ್ತಿತ್ತು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬಿಡುವುದು ಹೇಗೆ? ಮಗುವಿನ ತೋಳಿನ ಮೇಲೆ ಬೆರಳು ಎಳೆದಳು, ಜಾರಿತು. ಕಿರ್ರ್ ಅನ್ನಲಿಲ್ಲ. ಇನ್ನೆರಡು ಚೊಂಬು ಹೊಯ್ದು ಮತ್ತೆ ಎಳೆದಳು, ಮತ್ತೂ ಜಾರಿತು. ಕುದಿಯುವ ನೀರಿನಲ್ಲಿ ಕಾಣದ ಎಳೆಯನ್ನು ಹುಡುಕಿದ ಬೆರಳದು. ಅದಕ್ಕೆ ಸುಳ್ಳು ಹೇಳಲಾಗುವುದಿಲ್ಲ. ಮೈಮೇಲೆ ಏನೋ ಉಳಿದಿದೆ, ಸಣ್ಣಗೆ, ಗೂಡಿನ ಮೇಲಿನ ಅಂಟಿನ ಹಾಗೆ. ರೇಷ್ಮೆಯಾದರೆ ಸೋಪು ಸೋಡಾದಲ್ಲಿ ಕುದಿಸಿ ಆ ಅಂಟು ತೆಗೆಯುತ್ತಾರೆ. ತೆಗೆದ ಮೇಲೇ ಅದಕ್ಕೆ ಹೊಳಪು, ಅದಕ್ಕೆ ಬೆಲೆ. ತಾನು ಇಷ್ಟು ವರ್ಷಕ್ಕೆ ಒಂದು ಸಲ ನೀರು ಹಾಕುತ್ತಿದ್ದೇನೆ, ಅದೂ ಅರೆಬರೆಯಾದರೆ ಆದಿಲಕ್ಷ್ಮಮ್ಮ ಆಡಿಕೊಂಡು ನಗುವುದಿಲ್ಲವೇ? ಸೋಪು ಬೇಡ ಅಂದಿದ್ದಾರೆ, ಸರಿ. ಬಚ್ಚಲ ಮೂಲೆಯಲ್ಲಿ ಶ್ವೇತಳ ಧಾರೆ ಸೀರೆ ಒಗೆಯಲೆಂದು ನೆನೆಹಾಕಿದ್ದ ಅಂಟುವಾಳದ ಕಾಯಿ ಇತ್ತು. ರೇಷ್ಮೆಗೇ ಆಗಿಬರುವುದು ಕೂಸಿನ ಮೈಗೆ ಆಗದೆ ಇರುತ್ತದೆಯೇ? ಕಿವುಚಿದಳು, ಬೆಟ್ಟದಷ್ಟು ನೊರೆ ಬಂತು. ಹಚ್ಚಿ, ಉಜ್ಜಿ, ಹಂಡೆಯಿಂದಲೇ ಎರಡು ಚೊಂಬು ಬಿಸಿನೀರು ಬೆರೆಸಿ ಹೊಯ್ದಳು.

ಕಿರ್ರ್ ಅಂದಿತು. ಕೂಸು ಕೆಂಪಗಾಯಿತು. ಅತ್ತು ಅತ್ತು ನಿದ್ದೆ ಹೋಯಿತು.

ಆ ದಿನ ದೊಡ್ಡಮುನಿಯಮ್ಮನನ್ನು ನೋಡಬೇಕಿತ್ತು! ರಾಗಿ ಮುದ್ದೆ ಕಟ್ಟುವಾಗ ಹಾಡು, ಸೊಪ್ಪು ಬಿಡಿಸುವಾಗ ಹಾಡು. "ಏನೇ, ಲಾಟರಿ ಹೊಡೀತಾ?" ಅಂದ ಗಂಡನಿಗೆ ಎರಡನೇ ಮುದ್ದೆ ಕೇಳುವ ಮೊದಲೇ ಹಾಕಿದಳು. ಅಂಗೈಯನ್ನು ಮೂಗಿಗೆ ಹಿಡಿದು ನೋಡಿಕೊಂಡಳು. ಹುಳದ ವಾಸನೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಶ್ವೇತ ಕೂಗಿಕೊಂಡಳು. ಪಾಪನ ಎದೆ, ತೋಳು, ತೊಡೆ, ಅಂಟುವಾಳ ಹತ್ತಿದ್ದ ಕಡೆಯೆಲ್ಲ ಉರಿದೆದ್ದು, ಮಡಿಕೆಗಳಲ್ಲಿ ನೀರು ಒಸರುತ್ತಿತ್ತು. ಬಟ್ಟೆ ತಾಗಿದರೂ ಕೂಸು ಚೀರುತ್ತಿತ್ತು. ದೊಡ್ಡಮುನಿಯಮ್ಮ ಹತ್ತಿರ ಬರಲಿಲ್ಲ. ಎರಡು ಕೈಗೂ ಸೆರಗು ಸುತ್ತಿಕೊಂಡು ಗೋಡೆಗೆ ಅಂಟಿ ನಿಂತಳು.

"ನಾನು ಮುಟ್ಟಬಾರ್ದಿತ್ತು" ಅಂದಳು. "ನಾನು ಮುಟ್ಟಬಾರ್ದಿತ್ತು ಶ್ವೇತಾ."

"ಮುಟ್ಟಬಾರ್ದಿತ್ತು ಅಂದ್ರೆ?"

ದೊಡ್ಡಮುನಿಯಮ್ಮ ಸೆರಗನ್ನು ಇನ್ನೂ ಬಿಗಿಯಾಗಿ ಸುತ್ತಿಕೊಂಡಳು. ಶ್ವೇತಳಿಗೆ ರೇಗಿತು. ರಾತ್ರಿಯೆಲ್ಲ ನಿದ್ದೆಯಿಲ್ಲದ ಬಾಣಂತಿ, ಎದುರಿಗೆ ಚೀರುವ ಮಗು. ಎಷ್ಟು ವರ್ಷದಿಂದ ಗಂಟಲಲ್ಲಿತ್ತೋ, ಬಂದುಬಿಟ್ಟಿತು. "ಇಷ್ಟ ಇಲ್ದೇ ಇದ್ರೆ ನಿನ್ನೇನೇ ಹೇಳ್ಬೇಕಿತ್ತು. ನೀನು ನನ್ನನ್ನೇ ಮುಟ್ಟಿದ್ದಿಲ್ಲ. ಒಂದು ದಿನ ತಲೆ ಬಾಚಿದ್ಯಾ? ಒಂದು ದಿನ ನೀರು ಹಾಕಿದ್ಯಾ? ಇನ್ನು ನನ್ನ ಮಗಳನ್ನ ಮುಟ್ತೀಯಾ ಅಂತ ನಂಬಿದ್ನಲ್ಲ, ನನಗೆ ಬುದ್ಧಿ ಇಲ್ಲ."

ದೊಡ್ಡಮುನಿಯಮ್ಮ ಸೆರಗು ಸುತ್ತಿದ ಕೈಯಲ್ಲೇ ಕೂಸಿನ ಬಟ್ಟೆಗಳನ್ನು ಬ್ಯಾಗಿಗೆ ತುಂಬಿದಳು.

ಗೋಪಿಗೆ ರಜೆ ಸಿಗುವಂತಿರಲಿಲ್ಲ. ತಾಯಿ ಮಗಳು ಇಬ್ಬರೇ ಕೋಲಾರದ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಮಗು ಶ್ವೇತಳ ತೊಡೆಯ ಮೇಲೆ, ಬ್ಯಾಗು ದೊಡ್ಡಮುನಿಯಮ್ಮನ ತೊಡೆಯ ಮೇಲೆ.

ಡಾಕ್ಟರಮ್ಮ ಕೂಸನ್ನು ತಿರುಗಿಸಿ ಮುರುಗಿಸಿ ನೋಡಿ, "ಏನು ಹಾಕಿದ್ರಿ ಮೈಗೆ?" ಎಂದು ಕೇಳಿದರು.

"ನೀವು ಹೇಳಿದ್ದ ಥರದ್ದೇ ಮೇಡಂ, ಇದೇ" ಎಂದು ಶ್ವೇತ ಬಾಟಲಿ ತೋರಿಸಿದಳು.

"ಇದೊಂದರಿಂದ ಹೀಗಾಗೋದು ಕಷ್ಟ. ಬೇರೆ ಏನೋ ಹಾಕಿದ್ದೀರ."

"ಬೇರೆ ಏನೂ ಇಲ್ಲ. ನನ್ನ ಕೈ" ಅಂದಳು ದೊಡ್ಡಮುನಿಯಮ್ಮ. "ನನ್ನ ಕೈಯಿಂದ ಆಗಿರೋದು. ಹುಳ ಬೇಯಿಸಿದ ಕೈ ಇದು. ನನ್ನ ಮಗಳಿಗೂ ಹೀಗೇ ಆಗಿತ್ತು, ಇದೇ ವಯಸ್ಸಿಗೆ, ಇದೇ ಜಾಗದಲ್ಲಿ. ಮುಟ್ಟೋದು ಬಿಟ್ಟೆ, ವಾಸಿ ಆಯ್ತು. ನಿನ್ನೆ ಆಸೆ ತಡೀಲಾರ್ದೆ ಮುಟ್ಟಿಬಿಟ್ಟೆ. ಚೆನ್ನಾಗಿ ತೊಳೆದು ಅಂಟುವಾಳ ಕೂಡ ಹಾಕಿ ಉಜ್ಜಿದೆ. ಆದ್ರೂ ಬಿಡಲಿಲ್ಲ, ನನ್ನ ಕೈ."

ಶ್ವೇತ ತಿರುಗಿ ತಾಯಿಯನ್ನು ನೋಡಿದಳು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, "ಎಲ್ಲಿ, ಕೈ ಕೊಡಿ" ಅಂದರು. ದೊಡ್ಡಮುನಿಯಮ್ಮ ಹಿಂದೆ ಮುಂದೆ ನೋಡಿದಳು. ಆಕೆಯೇ ಮುಂದೆ ಬಾಗಿ ಸೆರಗಿನಿಂದ ಎರಡೂ ಕೈ ಬಿಡಿಸಿ ತಮ್ಮ ಕೈಯಲ್ಲಿ ತೆಗೆದುಕೊಂಡರು. ಗ್ಲೌಸು ಇರಲಿಲ್ಲ. ಬೆರಳ ಸಂದು, ಅಂಗೈ, ಉಗುರು, ಎಲ್ಲ ನಿಧಾನಕ್ಕೆ ನೋಡಿದರು. ಬೇರೆ ಒಬ್ಬರು ತನ್ನ ಕೈ ಹೀಗೆ ಹಿಡಿದು ಎಷ್ಟು ಕಾಲವಾಯಿತು ಅಂತ ದೊಡ್ಡಮುನಿಯಮ್ಮನಿಗೆ ನೆನಪಾಗಲಿಲ್ಲ.

"ನೋಡೀಮ್ಮ, ಇದು ಬಿಸಿನೀರಲ್ಲಿ ಬಿರಿದ ಕೈ, ಅಷ್ಟೇ. ಇದರಿಂದ ಯಾರಿಗೂ ಏನೂ ಅಂಟಲ್ಲ. ನಿಮ್ಮ ಮೊಮ್ಮಗಳದ್ದು ಹುಟ್ಟು ಚರ್ಮದ ಗುಣ, ಬಹಳ ಸೂಕ್ಷ್ಮ. ನಿಮ್ಮ ಮಗಳಿಗೂ ಅದೇ ಇದ್ದಿರಬೇಕು. ಎಷ್ಟೋ ಮನೆಗಳಲ್ಲಿ ಹೀಗೆ ತಾಯಿಯಿಂದ ಮಗುವಿಗೆ ಬರತ್ತೆ, ದೊಡ್ಡೋರಾಗ್ತಾ ತಾನೇ ಕಮ್ಮಿ ಆಗತ್ತೆ. ನೀವು ಮುಟ್ಟಿದ್ದಕ್ಕೆ ಬಂದಿದ್ದಲ್ಲ, ಬಿಟ್ಟಿದ್ದಕ್ಕೆ ಹೋಗಿದ್ದಲ್ಲ. ನಿನ್ನೆ ಕೆಡಿಸಿದ್ದು ಅಂಟುವಾಳ, ಬಿಸಿನೀರು, ಆ ಉಜ್ಜಾಟ."

"ಮೈ ಜಾರ್ತಾ ಇತ್ತು. ಅಂಟು ಉಳಿದಿತ್ತು."

"ಅದು ಉಳೀಬೇಕು. ಅದು ಕೊಳೆ ಅಲ್ಲ, ಚರ್ಮ ತನಗೆ ತಾನೇ ಹೊದ್ಕೊಂಡಿರೋ ಎಣ್ಣೆ. ಈ ಮಗೂಗೆ ಅದು ಮೊದಲೇ ಕಮ್ಮಿ. ಈ ಬಾಟಲಿಯದು ಮೃದು, ಆದಷ್ಟು ಅದನ್ನ ಉಳಿಸತ್ತೆ. ನೀವು ಉಜ್ಜಿ ಉಜ್ಜಿ ಅದನ್ನೂ ತೆಗೆದ್ರಿ."

ದೊಡ್ಡಮುನಿಯಮ್ಮನಿಗೆ ಗೂಡಿನ ನೂಲು ನೆನಪಾಯಿತು. ಅಂಟಿರುವ ತನಕ ಎಳೆ ಎಳೆ ಒಂದಕ್ಕೊಂದು ಹಿಡಿದುಕೊಂಡಿರುತ್ತವೆ, ಅಂಟು ಹೋದರೆ ಬಿಟ್ಟುಕೊಳ್ಳುತ್ತವೆ; ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಅವಳು ಕೇಳಿದ್ದು ಅದನ್ನಲ್ಲ.

"ಹಾಗಾದ್ರೆ ಆವತ್ತು, ಇವಳಿಗೆ ಬಂದಿದ್ದು... ಅದೂ ನನ್ನ ಕೈಯಿಂದ ಅಲ್ವಾ?"

"ಅಲ್ಲಮ್ಮ."

"ನಾನು ಎತ್ಕೋಬಹುದಿತ್ತಾ?"

"ಎತ್ಕೋಬಹುದಿತ್ತು" ಅಂದರು ಡಾಕ್ಟರಮ್ಮ.

ಊರಿಗೆ ಹಿಂದಿರುಗುವ ಬಸ್ಸು ವಡ್ಡಹಳ್ಳಿಗೆ ಬಂತು. ಹೊರಗೆ ಟೊಮೇಟೊ ಬುಟ್ಟಿಗಳ ಸಾಲು. ಶ್ವೇತ ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು: "ಅಜ್ಜಿ ಹೇಳಿದ್ಲಾ ಹಾಗಂತ?"

"ಹೂಂ."

"ನೀನು ನಂಬಿಬಿಟ್ಯಾ?"

"ನಿನ್ನ ಮೈ ನೋಡಿದ್ರೆ ನಂಬದೆ ಏನ್ ಮಾಡ್ಲಿ? ನಾನು ದೂರ ಇದ್ರೆ ನೀನು ನೆಟ್ಟಗಿರ್ತೀಯ ಅಂದ್ಕೊಂಡೆ. ನೆಟ್ಟಗೆ ಆಗ್ಬಿಟ್ಟೆ ಬೇರೆ."

"ನಾನೇನಂದ್ಕೊಂಡಿದ್ದೆ ಗೊತ್ತಾ? ಚಿಕ್ಕೋಳಿದ್ದಾಗ ಮೈಯೆಲ್ಲಾ ಕಜ್ಜಿ ಇತ್ತು ಅಂತ ಅಜ್ಜಿ ಹೇಳೋಳು. ಅದನ್ನ ನೋಡಿ ನಿನಗೆ ನನ್ನ ಕಂಡ್ರೆ ಅಸಹ್ಯ ಆಗ್ಬಿಟ್ಟಿದೆ, ಅದಕ್ಕೇ ಮುಟ್ಟಲ್ಲ ಅಂತ." ಶ್ವೇತಳ ದನಿ ಒಡೆಯಿತು. "ಗಂಡ ಮೊದಲ್ನೇ ಸಲ ಕೈ ಹಿಡ್ಕೊಂಡಾಗ್ಲೂ ನನಗೆ ಹೆದರಿಕೆ, ಎಲ್ಲಿ ಅಸಹ್ಯ ಪಟ್ಕೋತಾರೋ ಅಂತ."

"ಅಯ್ಯೋ ಕಂದಾ!" ಅಂದಳು ದೊಡ್ಡಮುನಿಯಮ್ಮ. ಮಗಳನ್ನು ಕಂದ ಅಂತ ಅವಳು ಕರೆದದ್ದು ಬಸ್ಸಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಬಂತು. ಕೈ ಎತ್ತಿದಳು. ಮಗಳ ಭುಜದ ತನಕ ಬಂದು ನಿಂತಿತು. ಅಷ್ಟು ವರ್ಷದ ಅಭ್ಯಾಸ. ಒಂದು ಮಾತಿಗೆ ಬಿಡುತ್ತದೆಯೇ? ಎದುರಿನ ಸೀಟಿನ ಕಂಬಿಯನ್ನು ಹಿಡಿದುಕೊಂಡಿತು. ಶ್ವೇತ ಅದನ್ನು ನೋಡಿದಳು. ಕೂಸನ್ನು ಎತ್ತಿ ತಾಯಿಯ ತೊಡೆಯ ಮೇಲಿಟ್ಟು, ಬ್ಯಾಗನ್ನು ತಾನು ತೆಗೆದುಕೊಂಡಳು.

ಅಲ್ಲಿಂದ ಮುಂದೆ ಪಾಪನಿಗೆ ದಿನಾ ನೀರು ಹಾಕಿದವಳು ಅಜ್ಜಿಯೇ. ಉಗುರುಬೆಚ್ಚಗಿನ ನೀರು, ಸಕ್ಕರೆ ನೊರೆ ಒಂದಿಷ್ಟು, ಉಜ್ಜುವುದಿಲ್ಲ, ಸವರುವುದು. ಮೈ ಜಾರಿದರೆ ಜಾರಲಿ. ಒರೆಸಿ, ಹಸಿ ಆರುವ ಮೊದಲೇ ಮುಲಾಮು. ಡಾಕ್ಟರಮ್ಮ ಹೇಳಿದಂತೆ ಅವಳೂ ಅದರಲ್ಲೇ ಕೈ ತೊಳೆದಳು. ಕೂಸಿನ ಕೆನ್ನೆ ಪೂರಾ ತಿಳಿಯಾಯಿತು ಎಂದರೆ ಸುಳ್ಳಾದೀತು. ಆಗಾಗ ಕೆಂಪಾಗುತ್ತಿತ್ತು, ಆದರೆ ಒಸರುವುದು ನಿಂತಿತು, ರಾತ್ರಿ ನಿದ್ದೆ ಬಂತು. ಆದಿಲಕ್ಷ್ಮಮ್ಮ ಒಂದು ದಿನ ತಡೆಯಲಾರದೆ ಇಣುಕಿ ನೋಡಿ, "ಇರುವೆ ಬರಲಿಲ್ಲವಾ?" ಎಂದು ಕೇಳಿ, ಪಾಪನ ಕೆನ್ನೆ ಸವರಿ ಹೋದಳು.

ಆದರೆ ತಾಯಿ ಮಗಳ ನಡುವೆ ಮಾತು ಅಲ್ಲಿಗೇ ನಿಂತಿತ್ತು. ಶ್ವೇತ ಬಚ್ಚಲಿಗೆ ತಾನೇ ಹೋಗುತ್ತಿದ್ದಳು, ತಾನೇ ಬರುತ್ತಿದ್ದಳು. ಹೊರಗೆ ಕೂತು ಒದ್ದೆ ಕೂದಲು ಬಿಡಿಸಿಕೊಳ್ಳುವಾಗ ದೊಡ್ಡಮುನಿಯಮ್ಮ ಬಾಚಣಿಗೆಯನ್ನೇ ನೋಡುತ್ತಿದ್ದಳು. ಕೊಡು ಅಂದರೆ ಕೊಡುತ್ತಿದ್ದಳೇನೋ. ಇಪ್ಪತ್ನಾಲ್ಕು ವರ್ಷದ, ಮಗು ಹೆತ್ತ ಹೆಣ್ಣನ್ನು ಬಾ, ತಲೆ ಬಾಚುತ್ತೇನೆ ಅಂತ ಕರೆಯುವುದು ಹೇಗೆ? ಕೂಸನ್ನು ಎತ್ತಿಕೊಂಡಾಗ ಅವಳಿಗೆ ಹೊಟ್ಟೆ ತುಂಬುತ್ತಿತ್ತು, ಇಳಿಸಿದ ಮೇಲೆ ಯಾವುದೋ ಹಳೆಯ ಹಸಿವು ಹಾಗೆಯೇ ಇರುತ್ತಿತ್ತು. ಮೊಮ್ಮಗಳ ಸಣ್ಣ ಬೆನ್ನಿನ ಮೇಲೆ ಅವಳು ಹುಡುಕುತ್ತಿದ್ದದ್ದು ಬೇರೊಂದು ಬೆನ್ನನ್ನು. ಅದು ಬೆಳೆದು, ದೂರ ಹೋಗಿ, ಸೀರೆ ಉಟ್ಟುಕೊಂಡು ಎದುರಿಗೇ ಓಡಾಡುತ್ತಿತ್ತು.

ಐದನೇ ತಿಂಗಳು ಬಂತು. ಒಳ್ಳೆಯ ದಿನ ನೋಡಿ ಗೋಪಿ ಬಂದ. ಬೆಳಗಿನ ತಿಂಡಿ ಆದ ಮೇಲೆ ಹತ್ತು ಗಂಟೆಯ ಬಸ್ಸಿಗೆ ಹೊರಡುವುದೆಂದು ಮಾತಾಯಿತು. ದೊಡ್ಡಮುನಿಯಮ್ಮ ಕೊನೆಯ ಸಲ ಪಾಪನಿಗೆ ನೀರು ಹಾಕಿ, ಮುಲಾಮು ಹಚ್ಚಿ, ಕಣ್ಣಕಪ್ಪು ಇಟ್ಟು ಗಂಡನ ಕೈಗೆ ಕೊಟ್ಟಳು. ಅಶ್ವತ್ಥಪ್ಪ ಕೂಸಿಗೆ ಹಿಪ್ಪುನೇರಳೆ ತೋಟ ತೋರಿಸಲು ಹೋದ. ಅವಳು ಬಚ್ಚಲು ತೊಳೆಯಲು ಚೊಂಬು ಎತ್ತಿಕೊಂಡಳು. ಇನ್ನು ನಾಳೆಯಿಂದ ಹಂಡೆ ಯಾರಿಗೆ ಕಾಯಿಸಬೇಕು ಅಂತ ಯೋಚನೆ ಬಂದು ಕಣ್ಣು ಮಂಜಾಯಿತು.

"ಅಮ್ಮ, ಹಂಡೇಲಿ ನೀರಿದ್ಯಾ?"

ಶ್ವೇತ ಬಾಗಿಲಲ್ಲಿ ನಿಂತಿದ್ದಳು. ಜಡೆ ಬಿಚ್ಚಿಕೊಂಡಿದ್ದಳು, ಕೈಯಲ್ಲಿ ಆ ಬಾಟಲಿ. ತಳದಲ್ಲಿ ಇನ್ನೂ ಒಂದಿಷ್ಟು ಉಳಿದಿತ್ತು.

"ಇದೆ. ಯಾಕೆ?"

"ನನಗೂ ಹಾಕು."

ದೊಡ್ಡಮುನಿಯಮ್ಮ ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟಳು. ಏನು ಹೇಳಬೇಕೆಂದು ತಿಳಿಯದೆ ಗದರಿದಳು: "ಹುಚ್ಚು ಹಿಡಿದಿದ್ಯೇನೇ? ಹೊರಡೋ ದಿನ ತಲೆಗೆ ನೀರು ಹಾಕ್ಕೊಂಡು ಯಾರಾದ್ರೂ ಬಸ್ ಹತ್ತುತಾರಾ? ಗಾಳಿಗೆ ಶೀತ ಹಿಡೀತದೆ. ನಿನಗೆ ಹಿಡಿದ್ರೆ ಪಾಪಂಗೂ ಬರತ್ತೆ."

"ಒಣಗೋವರೆಗೂ ಇರ್ತೀನಿ."

ಅಷ್ಟು ಹೇಳಿ ಶ್ವೇತ ಬಚ್ಚಲ ಕಲ್ಲಿನ ಮೇಲೆ ಬೆನ್ನು ಕೊಟ್ಟು ಕೂತಳು. ಕೂದಲನ್ನು ಮುಂದಕ್ಕೆ ಹಾಕಿಕೊಂಡು ತಲೆ ತಗ್ಗಿಸಿದಳು.

ದೊಡ್ಡಮುನಿಯಮ್ಮ ಮೊದಲು ತನ್ನ ಮೊಣಕೈಗೆ ನೀರು ಬಿಟ್ಟು ಬಿಸಿ ನೋಡಿದಳು. ಸುಡುತ್ತಿರಲಿಲ್ಲ. ತಲೆಯ ಮೇಲೆ ಒಂದು ಚೊಂಬು ಹೊಯ್ದಳು. ನೊರೆಯನ್ನು ಅಂಗೈಯಲ್ಲಿ ಹರಡಿಕೊಂಡು ಮಗಳ ಬೆನ್ನ ಮೇಲೆ ಇಟ್ಟಳು, ಬರೀ ಕೈ, ನಡುವೆ ಬಟ್ಟೆಯಿಲ್ಲ. ಶ್ವೇತಳ ಬೆನ್ನು ಒಂದು ಸಲ ನಡುಗಿ ಸುಮ್ಮನಾಯಿತು. ಕತ್ತು, ಭುಜ, ತೋಳು. ಮೊಣಕೈ ಮಡಿಕೆಯಲ್ಲಿ ಚರ್ಮ ಸ್ವಲ್ಪ ಕಪ್ಪಗಿತ್ತು, ಹಳೆಯ ಗುರುತು. ದೊಡ್ಡಮುನಿಯಮ್ಮನ ಬೆರಳು ಅದರ ಮೇಲೆ ಬಂದು ನಿಂತಿತು.

"ನೋಯತ್ತಾ?"

"ಇಲ್ಲಮ್ಮ. ಉಜ್ಜು."

"ಉಜ್ಜಬಾರ್ದಂತೆ ಕಣೇ. ಡಾಕ್ಟರಮ್ಮ ಹೇಳಿಲ್ವಾ?"

"ಹಾಗಾದ್ರೆ ಸುಮ್ನೆ ಸವರ್ತಾ ಇರು."

ಸವರಿದಳು. ನೀರು ಯಾವುದು ಕಣ್ಣೀರು ಯಾವುದು ಇಬ್ಬರಿಗೂ ಬೇಕಿರಲಿಲ್ಲ. ಅಂಗಳದಿಂದ ಗೋಪಿ, "ಶ್ವೇತಾ, ಬಸ್ಸಿಗೆ ಹೊತ್ತಾಯ್ತು" ಎಂದು ಕೂಗಿದ. ಶ್ವೇತ ತಲೆಯನ್ನು ಹಿಂದಕ್ಕೆ ತಾಯಿಯ ಮೊಣಕಾಲಿಗೆ ಒರಗಿಸಿ, "ಇನ್ನೊಂದು ಚೊಂಬು" ಅಂದಳು.

ಅವಳದು ಮೊದಲೇ ದಟ್ಟ ಕೂದಲು, ಒಣಗುವುದು ನಿಧಾನ. ಪುಣ್ಯಕ್ಕೆ ಆವತ್ತು ಮೋಡ ಬೇರೆ ಮುಚ್ಚಿತ್ತು.